ಪೆಟ್ರಾ: ನೀರು ಹಿಡಿದವರ ನಗರ

ಜೋರ್ಡಾನ್ ದೇಶದ ದಕ್ಷಿಣ ಭಾಗದಲ್ಲಿ, ಮೃತ ಸಮುದ್ರಕ್ಕೂ ಅಕಾಬಾ ಕೊಲ್ಲಿಗೂ ನಡುವೆ, ಮರಳುಗಲ್ಲಿನ ಬೆಟ್ಟಗಳ ಸಂದಿಯಲ್ಲಿ ಪೆಟ್ರಾ ನಗರದ ಅವಶೇಷಗಳಿವೆ. ಪಶ್ಚಿಮಕ್ಕೆ ವಾದಿ ಅರಬಾ ಎಂಬ ಬರಡು ಕಣಿವೆ. ಪೂರ್ವಕ್ಕೆ ಶರಾ ಬೆಟ್ಟಸಾಲು, ಅದರಾಚೆ ಅರೇಬಿಯಾದ ಮರುಭೂಮಿ. ವರ್ಷಕ್ಕೆ ಇಲ್ಲಿ ಬೀಳುವ ಮಳೆ ಸುಮಾರು 150 ಮಿಲಿಮೀಟರ್. ಅದೂ ಚಳಿಗಾಲದ ಕೆಲವೇ ದಿನಗಳಲ್ಲಿ ಸುರಿದು ಮುಗಿಯುತ್ತದೆ. ಇಂಥ ನೆಲದಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಒಂದು ರಾಜ್ಯದ ರಾಜಧಾನಿಯಿತ್ತು. ಅದರಲ್ಲಿ ದೇವಾಲಯಗಳಿದ್ದವು, ರಂಗಮಂದಿರವಿತ್ತು, ತೋಟದ ನಡುವೆ ದೊಡ್ಡದೊಂದು ಕೊಳವೂ ಇತ್ತು. ಕಟ್ಟಿದವರು ನಬಾತಿಯರು ಎಂಬ ಅರಬ್ ಜನ. ತಮ್ಮ ಊರನ್ನು ಅವರು ರಕ್ಮು ಎಂದು ಕರೆಯುತ್ತಿದ್ದರು. ಪೆಟ್ರಾ ಎಂಬುದು ಗ್ರೀಕರು ಇಟ್ಟ ಹೆಸರು.

ಇಂದು ಪೆಟ್ರಾ ಎಂದೊಡನೆ ನೆನಪಾಗುವುದು ಕೆಂಪು ಬಂಡೆಯಲ್ಲಿ ಕೊರೆದ ಸಮಾಧಿಗಳ ಭವ್ಯ ಮುಖಭಾಗ. 19ನೇ ಶತಮಾನದ ಯಾತ್ರಿಕರೂ ಅವನ್ನೇ ಕಂಡು ಬೆರಗಾದರು, ಅವನ್ನೇ ಚಿತ್ರಿಸಿದರು, ಇದು ಸತ್ತವರ ನಗರವೆಂದೇ ಬಗೆದು ಹೋದವರೂ ಅವರಲ್ಲಿದ್ದರು. ಆದರೆ ಆ ಸಮಾಧಿಗಳ ಪಕ್ಕದಲ್ಲೇ, ಕೆಲವೆಡೆ ಅವುಗಳ ನೆತ್ತಿಯ ಮೇಲೇ, ಬಂಡೆಯಲ್ಲಿ ಕಡಿದ ಕಿರುಗಾಲುವೆಗಳು ಹರಿದಿವೆ. ಮೆಟ್ಟಿಲುಗಳ ಬದಿಯಲ್ಲಿ, ಬೆಟ್ಟದ ತಲೆಯಲ್ಲಿ, ಕಮರಿಯ ಗೋಡೆಯಲ್ಲಿ ಅವು ಕಾಣುತ್ತವೆ. ಒಂದೊಂದೂ ಯಾವುದೋ ತೊಟ್ಟಿಯಲ್ಲೋ ಕಟ್ಟೆಯಲ್ಲೋ ಹೋಗಿ ನಿಲ್ಲುತ್ತದೆ. ನಬಾತಿಯರ ಇತಿಹಾಸವನ್ನು ಸಮಾಧಿಗಳಿಗಿಂತ ಈ ಕಾಲುವೆಗಳ ಮೂಲಕ ಓದುವುದೇ ಹೆಚ್ಚು ಸರಿ. ನೀರು ಕೈಗೆ ಬಂದ ಮೇಲೆ ವ್ಯಾಪಾರ, ವ್ಯಾಪಾರದಿಂದ ಸಂಪತ್ತು, ಸಂಪತ್ತಿನಿಂದ ಸಮಾಧಿಗಳು ಎಂಬ ಕ್ರಮದಲ್ಲಿ ಈ ನಗರ ಬೆಳೆಯಿತು.

ನಬಾತಿಯರ ಬಗ್ಗೆ ಸಿಗುವ ಮೊದಲ ವಿವರವಾದ ವರದಿ ಕ್ರಿ.ಪೂ. 312ರ ಒಂದು ಯುದ್ಧಕ್ಕೆ ಸಂಬಂಧಿಸಿದ್ದು. ಅಲೆಕ್ಸಾಂಡರನ ಸೇನಾನಿಗಳಲ್ಲಿ ಒಬ್ಬನಾಗಿದ್ದ, ಒಕ್ಕಣ್ಣ ಎಂದು ಹೆಸರಾದ ಆಂಟಿಗೋನಸ್ ತನ್ನ ದಳಪತಿ ಅಥೀನಿಯಸನಿಗೆ 4,000 ಕಾಲಾಳು, 600 ಕುದುರೆ ಸವಾರರನ್ನು ಕೊಟ್ಟು ಇವರ ಮೇಲೆ ಕಳುಹಿಸಿದ. ಗಂಡಸರು ದೂರದ ಸಂತೆಗೆ ಹೋಗಿದ್ದ ಹೊತ್ತು ನೋಡಿ ಆ ಪಡೆ ಅವರ ಬಂಡೆಕೋಟೆಯ ಮೇಲೆ ಬಿದ್ದು, ಲೋಬಾನ, ರಕ್ತಬೋಳ, 500 ತಾಲೆಂತು ಬೆಳ್ಳಿ ದೋಚಿತು. ಸುದ್ದಿ ತಿಳಿದ ನಬಾತಿಯರು ಬೆನ್ನಟ್ಟಿ ಬಂದು, ದಣಿದು ಮಲಗಿದ್ದ ಪಡೆಯನ್ನು ರಾತ್ರಿಯಲ್ಲಿ ಸಂಹರಿಸಿದರು. ಉಳಿದವರು ಸುಮಾರು 50 ಸವಾರರು ಮಾತ್ರ. ಆಮೇಲೆ ಅವರು ಆಂಟಿಗೋನಸನಿಗೆ ಅರಮಾಯಿಕ್ ಲಿಪಿಯಲ್ಲಿ ಪತ್ರ ಬರೆದು ತಮ್ಮ ಕೃತ್ಯವನ್ನು ಸಮರ್ಥಿಸಿಕೊಂಡರಂತೆ. ಇದನ್ನು ದಾಖಲಿಸಿದವನು ಕ್ರಿ.ಪೂ. ಮೊದಲನೇ ಶತಮಾನದ ಡಿಯೊಡೋರಸ್. ಅವನಿಗೆ ಆಧಾರ ಆಂಟಿಗೋನಸನ ಕಾಲದಲ್ಲೇ ಬದುಕಿದ್ದ ಹಿಯರೋನಿಮಸ್ ಎಂಬ ಇತಿಹಾಸಕಾರ.

ಅದೇ ಡಿಯೊಡೋರಸ್ ಬರೆಯುವ ಇನ್ನೊಂದು ಸಂಗತಿ ಯುದ್ಧಕ್ಕಿಂತ ಮುಖ್ಯವಾದದ್ದು. ನಬಾತಿಯರು ಆಗ ಬಿತ್ತುತ್ತಿರಲಿಲ್ಲ, ಹಣ್ಣಿನ ಗಿಡ ನೆಡುತ್ತಿರಲಿಲ್ಲ, ದ್ರಾಕ್ಷಾರಸ ಕುಡಿಯುತ್ತಿರಲಿಲ್ಲ, ಮನೆ ಕಟ್ಟುತ್ತಿರಲಿಲ್ಲ. ಕಟ್ಟಿದವನಿಗೆ ಮರಣದಂಡನೆ. ಇಂಥ ಆಸ್ತಿಯುಳ್ಳವರನ್ನು ಬಲಾಢ್ಯರು ಸುಲಭವಾಗಿ ಬಗ್ಗಿಸುತ್ತಾರೆ ಎಂಬುದು ಅದಕ್ಕೆ ಕಾರಣ. ಆದರೆ ಅವರು ಮರುಭೂಮಿಯಲ್ಲಿ ನೆಲದಡಿಯ ತೊಟ್ಟಿಗಳನ್ನು ತೋಡುತ್ತಿದ್ದರು. ಬಾಯಿ ತೀರ ಚಿಕ್ಕದು, ಕೆಳಗಿಳಿದಂತೆ ಅಗಲವಾಗುತ್ತ ಹೋಗುವ ಒಡಲು, ಒಳಮೈಗೆಲ್ಲ ಗಾರೆ. ಮಳೆನೀರು ತುಂಬಿದ ಮೇಲೆ ಬಾಯಿ ಮುಚ್ಚಿ ನೆಲ ಸಮ ಮಾಡಿ, ತಮಗೆ ಮಾತ್ರ ಗೊತ್ತಾಗುವ ಗುರುತು ಇಟ್ಟು ಹೋಗುತ್ತಿದ್ದರು. ಶತ್ರು ಬಂದರೆ ಮರುಭೂಮಿಯೊಳಕ್ಕೆ ಸರಿದುಬಿಡುವುದೇ ಅವರ ರಕ್ಷಣೆ. ಬೆನ್ನಟ್ಟಿದವನಿಗೆ ನೀರು ಸಿಗುವುದಿಲ್ಲ, ಇವರಿಗೆ ಸಿಗುತ್ತದೆ. ನೀರಿನ ಜಾಣ್ಮೆ ಇವರಿಗೆ ನಗರ ಕಟ್ಟಿದ ಮೇಲೆ ಬಂದದ್ದಲ್ಲ, ಅಲೆಮಾರಿ ಬದುಕಿನಿಂದಲೇ ಜೊತೆಗೆ ಬಂದದ್ದು ಎಂಬುದನ್ನು ಇದು ತೋರಿಸುತ್ತದೆ.

ಈ ಗುಪ್ತ ತೊಟ್ಟಿಗಳೇ ವ್ಯಾಪಾರದ ಬಂಡವಾಳವೂ ಆದವು. ಅರೇಬಿಯಾದ ದಕ್ಷಿಣ ತುದಿಯಲ್ಲಿ, ಇಂದಿನ ಯೆಮೆನ್ ಮತ್ತು ಒಮಾನಿನ ಧೋಫಾರ್ ಪ್ರದೇಶದಲ್ಲಿ, ಲೋಬಾನದ ಮರಗಳು ಬೆಳೆಯುತ್ತವೆ. ಅವುಗಳ ಅಂಟು ಮೆಡಿಟರೇನಿಯನ್ ಸುತ್ತಲಿನ ಎಲ್ಲ ದೇವಾಲಯಗಳಿಗೂ, ಶವಸಂಸ್ಕಾರಕ್ಕೂ, ಔಷಧಿಗೂ ಬೇಕಿತ್ತು. ಒಂಟೆಗಳ ಮೇಲೆ ಅದನ್ನು ಗಾಜಾ ಬಂದರಿಗೆ ಸಾಗಿಸಬೇಕು. ರೋಮನ್ ಲೇಖಕ ಪ್ಲಿನಿ ಈ ದಾರಿಯನ್ನು 65 ತಂಗುದಾಣಗಳಾಗಿ ಎಣಿಸಿ, ಸಮುದ್ರತೀರ ಮುಟ್ಟುವಷ್ಟರಲ್ಲಿ ಒಂದು ಒಂಟೆಗೆ 688 ದಿನಾರಿಯಸ್ ವೆಚ್ಚವಾಗುತ್ತದೆ ಎಂದು ಲೆಕ್ಕ ಕೊಟ್ಟಿದ್ದಾನೆ. ಮೇವಿಗೆ, ನೀರಿಗೆ, ತಂಗಲಿಕ್ಕೆ, ಸುಂಕಕ್ಕೆ ಹೀಗೆ ಪ್ರತಿ ನಿಲುಗಡೆಯಲ್ಲೂ ಹಣ ಬಿಚ್ಚಬೇಕಿತ್ತು. ದಾರಿಯ ಉತ್ತರ ಭಾಗದಲ್ಲಿ ನೀರೂ ಕಾವಲೂ ನಬಾತಿಯರ ಕೈಯಲ್ಲಿದ್ದವು. ಮೃತ ಸಮುದ್ರದಲ್ಲಿ ತೇಲಿಬರುವ ಕಪ್ಪು ಡಾಂಬರನ್ನು ಈಜಿಪ್ಟಿಗೆ ಮಾರುವ ವ್ಯಾಪಾರವೂ ಅವರದೇ. ಶವಗಳನ್ನು ಕೆಡದಂತೆ ಇಡಲು ಈಜಿಪ್ಟಿನವರು ಅದನ್ನು ಕೊಳ್ಳುತ್ತಿದ್ದರು. ಕ್ರಿ.ಶ. ಮೊದಲನೇ ಶತಮಾನದ ಗ್ರೀಕ್ ನಾವಿಕ ಕೈಪಿಡಿ ‘ಪೆರಿಪ್ಲಸ್’, ಕೆಂಪು ಸಮುದ್ರದ ಲ್ಯೂಕೆ ಕೋಮೆ ಬಂದರಿನಿಂದ ನಬಾತಿಯ ದೊರೆ ಮಾಲಿಕಸನ ಪೆಟ್ರಾಗೆ ದಾರಿಯಿದೆ, ಆ ಬಂದರಿನಲ್ಲಿ ಬರುವ ಸರಕಿನ ಮೇಲೆ ನಾಲ್ಕನೇ ಒಂದು ಪಾಲು ಸುಂಕ ಎತ್ತುತ್ತಾರೆ ಎಂದು ತಿಳಿಸುತ್ತದೆ. ನಮ್ಮ ಪಶ್ಚಿಮ ಕರಾವಳಿಯ ಕಾಳುಮೆಣಸಿನ ಬಂದರುಗಳನ್ನು ವರ್ಣಿಸುವುದೂ ಇದೇ ಪುಸ್ತಕ.

ಮನೆ ಕಟ್ಟಿದರೆ ಕೊಲ್ಲುತ್ತಿದ್ದ ಜನ ಮೂರು ಶತಮಾನಗಳೊಳಗೆ ನಗರವಾಸಿಗಳಾದರು. ಕ್ರಿಸ್ತಶಕದ ಆರಂಭದ ಹೊತ್ತಿಗೆ ಭೂಗೋಳಜ್ಞ ಸ್ಟ್ರಾಬೊ, ಪೆಟ್ರಾದಲ್ಲಿ ವಾಸವಾಗಿದ್ದ ತನ್ನ ಗೆಳೆಯ ಅಥೆನೊಡೋರಸನಿಂದ ಕೇಳಿ ಬರೆದ ಚಿತ್ರವೇ ಬೇರೆ. ಕಲ್ಲಿನ ಬೆಲೆಬಾಳುವ ಮನೆಗಳು, ಹೇರಳ ಬುಗ್ಗೆಗಳು, ತೋಟಗಳು. ದೊರೆ ಔತಣ ಕೊಡುತ್ತಾನೆ, ಗುಲಾಮರು ಕಡಿಮೆಯಾದ್ದರಿಂದ ಬಡಿಸುವ ಕೆಲಸವನ್ನು ಎಷ್ಟೋ ಸಲ ತಾನೇ ಮಾಡುತ್ತಾನೆ, ಯಾರೂ ಹನ್ನೊಂದು ಬಟ್ಟಲಿಗಿಂತ ಹೆಚ್ಚು ಕುಡಿಯುವುದಿಲ್ಲ. ಪೆಟ್ರಾದ ನ್ಯಾಯಾಲಯದಲ್ಲಿ ವ್ಯಾಜ್ಯ ಹೂಡುವವರೆಲ್ಲ ಹೊರಗಿನವರು. ನಬಾತಿಯರು ತಮ್ಮತಮ್ಮೊಳಗೆ ಎಂದೂ ಕಟ್ಟೆ ಹತ್ತುವುದಿಲ್ಲ ಎಂದು ಅಥೆನೊಡೋರಸ್ ಅಚ್ಚರಿಪಟ್ಟಿದ್ದನಂತೆ. ಸ್ಟ್ರಾಬೊ ಎಲ್ಲವನ್ನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಸತ್ತವರ ದೇಹಕ್ಕೆ ಇವರು ಕಸದಷ್ಟೂ ಬೆಲೆ ಕೊಡುವುದಿಲ್ಲ ಎಂದು ಅವನು ಬರೆದ. ನೂರಾರು ಸಮಾಧಿಗಳನ್ನು ಇಷ್ಟು ಶ್ರದ್ಧೆಯಿಂದ ಕೊರೆದ ಜನರ ವಿಷಯದಲ್ಲಿ ಇದನ್ನು ನಂಬುವುದು ಕಷ್ಟ.

ರಾಜ್ಯದ ಏಳಿಗೆಯ ಕಾಲ ಕ್ರಿ.ಪೂ. 9ರಿಂದ ಕ್ರಿ.ಶ. 40ರವರೆಗೆ ಆಳಿದ ನಾಲ್ಕನೇ ಅರೆಟಸನದು. ನಾಣ್ಯಗಳ ಮೇಲೆ ಅವನು ತನ್ನನ್ನು ಪ್ರಜೆಗಳನ್ನು ಪ್ರೀತಿಸುವವನು ಎಂದು ಕರೆದುಕೊಂಡಿದ್ದಾನೆ. ಆ ನಾಣ್ಯಗಳಲ್ಲಿ ದೊರೆಯ ಜೊತೆಗೆ ರಾಣಿಯರಾದ ಹುಲ್ದು, ಆಮೇಲೆ ಶಕೀಲತ್ ಇವರ ಮುಖಗಳೂ ಇವೆ. ಅರೆಟಸನ ಮಗಳನ್ನು ಮದುವೆಯಾಗಿದ್ದ ಗಲಿಲಾಯವನ್ನು ಆಳುತ್ತಿದ್ದ ಹೆರೋದ ಆಂಟಿಪಾಸ್ ಅವಳನ್ನು ಬಿಟ್ಟು ಹೆರೋದಿಯ ಎಂಬಾಕೆಯನ್ನು ಕಟ್ಟಿಕೊಂಡ. ಹಳೆಯ ಗಡಿತಕರಾರಿಗೆ ಈ ಅವಮಾನವೂ ಸೇರಿ ಯುದ್ಧವಾಯಿತು, ಆಂಟಿಪಾಸನ ಸೇನೆ ಸೋತಿತು. ಪೆಟ್ರಾದ ದೊಡ್ಡ ಕಟ್ಟಡಗಳಲ್ಲಿ ಹೆಚ್ಚಿನವು ಈ ದೊರೆಯ ಕಾಲದವು, ಇಲ್ಲವೇ ಅದರ ಆಸುಪಾಸಿನವು.

ನಗರವಿದ್ದ ಜಾಗ ಸುತ್ತ ಬೆಟ್ಟವಿರುವ ತಗ್ಗು. ಪೂರ್ವದಿಂದ ಅದಕ್ಕೆ ಇರುವ ಮುಖ್ಯ ದಾರಿ ಸೀಕ್ ಎಂಬ ಕಮರಿ: ಸುಮಾರು 1.2 ಕಿಲೋಮೀಟರ್ ಉದ್ದ, ಎರಡೂ ಕಡೆ ಕಡಿದಾದ ಬಂಡೆಗೋಡೆ, ಕೆಲವೆಡೆ ಕೆಲವೇ ಮೀಟರ್ ಅಗಲ. ಈ ಸೀಕ್ ಹಿಂದೆ ವಾದಿ ಮೂಸಾ ಎಂಬ ಹಳ್ಳದ ಹಾದಿಯೇ ಆಗಿತ್ತು. ವರ್ಷದ ಬಹುಕಾಲ ಒಣಗಿರುವ ಹಳ್ಳ ಮೇಲಿನ ಬೆಟ್ಟದಲ್ಲಿ ಮಳೆಯಾದಾಗ ಗಂಟೆಯೊಳಗೆ ಉಕ್ಕಿಬರುತ್ತದೆ. ಹಾಗಾಗಿ ಪೆಟ್ರಾದ ಎಂಜಿನಿಯರುಗಳ ಮುಂದೆ ಎರಡು ಎದುರುಬದುರಿನ ಸಮಸ್ಯೆಗಳಿದ್ದವು: ಕುಡಿಯುವ ನೀರಿಲ್ಲ, ಬಂದಾಗ ಕೊಚ್ಚಿಕೊಂಡು ಹೋಗುವಷ್ಟು ಬರುತ್ತದೆ. ಮರುಭೂಮಿಯನ್ನು ನೀರಿಲ್ಲದ ನಾಡು ಎಂದಷ್ಟೇ ತಿಳಿದವರಿಗೆ ಈ ಎರಡನೆಯದು ಹೊಳೆಯುವುದಿಲ್ಲ. ನಬಾತಿಯರಿಗೆ ಅದು ಚೆನ್ನಾಗಿ ಗೊತ್ತಿತ್ತು, ಅವರ ಕೆಲಸದಲ್ಲಿ ಅರ್ಧಕ್ಕರ್ಧ ಪ್ರವಾಹವನ್ನು ತಿರುಗಿಸುವ, ತಡೆಯುವ, ನಿಧಾನಗೊಳಿಸುವ ಕೆಲಸ.

ಅವರು ಸೀಕಿನ ಬಾಯಿಗೆ ಅಡ್ಡಗಟ್ಟೆ ಹಾಕಿ, ಹಳ್ಳವನ್ನು ಪಕ್ಕದ ಬಂಡೆಯಲ್ಲಿ ಕೊರೆದ ಸುಮಾರು 90 ಮೀಟರ್ ಉದ್ದದ ಸುರಂಗದೊಳಕ್ಕೆ ತಿರುಗಿಸಿದರು. ಅಲ್ಲಿಂದ ನೀರು ಬೇರೊಂದು ಕಮರಿಯ ಮೂಲಕ ಬೆಟ್ಟವನ್ನು ಬಳಸಿ ಹೊರಗೆ ಹೋಗುತ್ತದೆ. ಸೀಕಿಗೆ ಬಂದು ಸೇರುವ ಅಕ್ಕಪಕ್ಕದ ಚಿಕ್ಕ ಕಮರಿಗಳಿಗೂ ಒಂದೊಂದು ಒಡ್ಡು ಕಟ್ಟಿದರು. ಹೀಗೆ ಒಣಗಿದ ಹಳ್ಳದ ಹಾಸಿಗೆಗೆ ಕಲ್ಲು ಹಾಸಿ ರಾಜಬೀದಿ ಮಾಡಿದರು. ಬೀದಿಯ ಒಂದು ಗೋಡೆಯಲ್ಲಿ ಬಂಡೆಗೆ ಕಡಿದ ಕಾಲುವೆ ಹೋಗುತ್ತದೆ. ನಡುನಡುವೆ ಮರಳು ತಳಕ್ಕೆ ಇಳಿಯಲು ಸಣ್ಣ ಗುಂಡಿಗಳಿವೆ. ಎದುರು ಗೋಡೆಯ ಮೇಲೆ ಸುಟ್ಟ ಮಣ್ಣಿನ ಕೊಳವೆಗಳ ಸಾಲು, ಒಂದರ ಬಾಯಿ ಇನ್ನೊಂದರ ಒಳಗೆ ಕೂತು, ಸಂದುಗಳಿಗೆ ಗಾರೆ ಮೆತ್ತಿ, ಬಂಡೆಯ ತೋಡಿನಲ್ಲಿ ಹುದುಗಿಸಿದ್ದು. ಮೇಲಿನ ಬೆಟ್ಟದ ಐನ್ ಮೂಸಾ ಬುಗ್ಗೆಯ ನೀರು ಇವುಗಳಲ್ಲಿ ನಗರಕ್ಕೆ ಬರುತ್ತಿತ್ತು. ಐನ್ ಬ್ರಾಕ್, ಐನ್ ದಿಬ್ದಿಬಾ ಮೊದಲಾದ ಬೇರೆ ಬುಗ್ಗೆಗಳಿಂದಲೂ ಬೇರೆಬೇರೆ ದಿಕ್ಕಿನಿಂದ ಕಾಲುವೆಗಳಿದ್ದವು.

ಈ ಕೊಳವೆಸಾಲುಗಳ ಇಳಿಜಾರನ್ನು ಅಳೆದು ನೋಡಿದ ಜಲವಿಜ್ಞಾನಿ ಚಾರ್ಲ್ಸ್ ಆರ್ಟ್ಲಾಫ್, ಇದು ಅಂದಾಜಿನ ಕೆಲಸವಲ್ಲ ಎಂಬ ತೀರ್ಮಾನಕ್ಕೆ ಬಂದ. ಮಣ್ಣಿನ ಕೊಳವೆ ತುಂಬಿ ಹರಿದರೆ ಒತ್ತಡ ಏರಿ ಸಂದುಗಳಲ್ಲಿ ಸೋರುತ್ತದೆ. ಇಳಿಜಾರು ತೀರ ಕಡಿಮೆಯಾದರೆ ಹೂಳು ಕೂರುತ್ತದೆ, ಬರುವ ನೀರೂ ಕಡಿಮೆ. ಈ ಎರಡರ ನಡುವಿನ ಇಳಿಜಾರನ್ನು ಹಿಡಿದರೆ ಕೊಳವೆಯ ಮೇಲ್ಭಾಗದಲ್ಲಿ ಗಾಳಿಗೆ ಜಾಗವಿಟ್ಟುಕೊಂಡೇ ನೀರು ಚುರುಕಾಗಿ ಹರಿಯುತ್ತದೆ. ನಬಾತಿಯರು ಹಿಡಿದದ್ದು ಆ ಇಳಿಜಾರನ್ನು. ಸೂತ್ರ ಬರೆದಿಟ್ಟ ಗ್ರಂಥವೇನೂ ಉಳಿದಿಲ್ಲ. ಕಟ್ಟಿ, ಸೋರಿದ್ದನ್ನು ಕಂಡು, ತಿದ್ದಿ ಕಟ್ಟಿ ಬಂದ ಅನುಭವವೇ ತಲೆಮಾರಿನಿಂದ ತಲೆಮಾರಿಗೆ ಇಳಿದಿರಬೇಕು.

ಬುಗ್ಗೆಯ ನೀರೊಂದನ್ನೇ ಅವರು ನಂಬಿ ಕೂರಲಿಲ್ಲ. ಬೆಟ್ಟದ ಬೋಳು ಬಂಡೆಯ ಮೇಲೆ ಬಿದ್ದ ಮಳೆಯನ್ನು ಬೆರಳಗಲದಿಂದ ಗೇಣಗಲದವರೆಗಿನ ತೋಡುಗಳಲ್ಲಿ ಹಿಡಿದು ತೊಟ್ಟಿಗೆ ಇಳಿಸಿದರು. ತೊಟ್ಟಿಗಳನ್ನು ಆದಷ್ಟೂ ಬಂಡೆಯೊಳಗೆ, ಬಿಸಿಲು ಬೀಳದ ಕಡೆ ತೋಡಿದರು. ತೆರೆದವುಗಳ ಮೇಲೆ ಕಲ್ಲಿನ ಕಮಾನು ಎತ್ತಿ ಚಪ್ಪಡಿ ಹಾಸಿದರು. ಅಲ್ಲಿನ ಬಿಸಿಲಿಗೆ ಆವಿಯಾಗಿ ಹೋಗುವ ನೀರು ಕುಡಿದು ಮುಗಿಸುವ ನೀರಿಗಿಂತ ಹೆಚ್ಚು ಎಂಬುದು ಅವರಿಗೆ ತಿಳಿದಿತ್ತು. ಊರಿನ ಒಂದೊಂದು ಕೇರಿಗೂ ತನ್ನದೇ ತೊಟ್ಟಿ, ತನ್ನದೇ ಕಟ್ಟೆ ಇದ್ದದ್ದರಿಂದ ಒಂದು ಕಾಲುವೆ ಕೆಟ್ಟರೆ ಇಡೀ ನಗರ ಬಾಯಾರುತ್ತಿರಲಿಲ್ಲ. ಈ ಎಚ್ಚರಿಕೆ ಬಲು ದೊಡ್ಡದು, ನೋಡುವವರ ಕಣ್ಣಿಗೆ ಸುಲಭವಾಗಿ ಬೀಳದಂಥದು ಕೂಡ.

ಹೀಗೆ ಕೂಡಿಟ್ಟ ನೀರನ್ನು ಅವರು ಕುಡಿಯುವುದಕ್ಕೆ ಮಾತ್ರ ಬಳಸಲಿಲ್ಲ. ನಗರದ ನಡುವೆ, ಮಹಾ ದೇವಾಲಯ ಎಂದು ಕರೆಯುವ ಕಟ್ಟಡದ ಪಕ್ಕದಲ್ಲಿ ಒಂದು ವಿಶಾಲ ಬಯಲಿದೆ. 20ನೇ ಶತಮಾನದ ಆರಂಭದಲ್ಲಿ ಅಳತೆ ಮಾಡಿದ ಜರ್ಮನ್ ವಿದ್ವಾಂಸರು ಅದನ್ನು ಕೆಳಪೇಟೆ ಎಂದು ಗುರುತಿಸಿದ್ದರು. ವ್ಯಾಪಾರಿಗಳ ನಗರದ ನಡುವೆ ಬಯಲಿದ್ದರೆ ಅದು ಸಂತೆಯೇ ಇರಬೇಕು ಎಂಬ ಊಹೆ ಸಹಜವಾಗಿತ್ತು. 1998ರಲ್ಲಿ ಲೀ ಆನ್ ಬೆಡಾಲ್ ನಡೆಸಿದ ಉತ್ಖನನದಲ್ಲಿ ಅಲ್ಲಿ ಸಿಕ್ಕಿದ್ದು 43 ಮೀಟರ್ ಉದ್ದ, 23 ಮೀಟರ್ ಅಗಲ, ಆಳೆತ್ತರಕ್ಕೂ ಮೀರಿದ ಆಳದ ಕೊಳ; ನಡುವೆ ದ್ವೀಪದಂತೆ ಒಂದು ಮಂಟಪ, ಮುಂದೆ ತೋಟ. ಮರುಭೂಮಿ ದಾಟಿ, ಗಂಟಲೊಣಗಿ, ಸೀಕಿನ ಮೂಲಕ ಒಳಗೆ ಬಂದ ವರ್ತಕನಿಗೆ ಆ ನೀರಿನ ಹರವು ದೊರೆಯ ಶಕ್ತಿಯನ್ನು ಯಾವ ಸೈನ್ಯಕ್ಕಿಂತಲೂ ಚೆನ್ನಾಗಿ ತಿಳಿಸಿರಬೇಕು.

ಸಮಾಧಿಗಳ ವಿಷಯಕ್ಕೆ ಬಂದರೆ, ಸೀಕಿನ ಕೊನೆಯಲ್ಲಿ ಥಟ್ಟನೆ ಎದುರಾಗುವ ಅಲ್ ಖಜ್ನೆ ಎಲ್ಲಕ್ಕಿಂತ ಪ್ರಸಿದ್ಧ. ಸುಮಾರು 40 ಮೀಟರ್ ಎತ್ತರ, ಎರಡು ಅಂತಸ್ತು, ಕೊರಿಂಥಿಯನ್ ಶೈಲಿಯ ಕಂಬಗಳು, ನೆತ್ತಿಯ ಮೇಲೆ ಒಂದು ಕಲಶ. ಗ್ರೀಕ್ ಅಲೆಕ್ಸಾಂಡ್ರಿಯದ ಅಲಂಕಾರವನ್ನು ಅರೇಬಿಯಾದ ಬಂಡೆಗೆ ತಂದ ಕೆಲಸ ಇದು. ಆ ಕಲಶದಲ್ಲಿ ಫರೋಹನ ಖಜಾನೆ ಇದೆಯೆಂದು ನಂಬಿದ ಬೆಡೂಯಿನರು ಅದನ್ನು ಒಡೆಯಲು ಗುಂಡು ಹಾರಿಸಿದ ಗುರುತುಗಳು ಈಗಲೂ ಕಾಣುತ್ತವೆ. ಕಲಶ ಇಡಿಯಾದ ಕಲ್ಲು. 2003ರಲ್ಲಿ ಖಜ್ನೆಯ ಅಂಗಳದ ಕೆಳಗೆ ಅಗೆದಾಗ ಇನ್ನೂ ಹಳೆಯ ಸಮಾಧಿ ಕೋಣೆಗಳು ಸಿಕ್ಕವು. 2024ರಲ್ಲಿ ಮತ್ತೊಂದು ಕೋಣೆಯಲ್ಲಿ 12 ಜನರ ಅಸ್ಥಿಪಂಜರಗಳು ದೊರೆತವು. ಈ ಕಟ್ಟಡಗಳನ್ನು ಮೇಲಿನಿಂದ ಕೆಳಕ್ಕೆ ಕೊರೆಯುತ್ತ ಬಂದರು. ಮೊದಲು ಬಂಡೆಯ ನೆತ್ತಿಯಲ್ಲಿ ನಿಲ್ಲಲು ಜಾಗ ಕಡಿದುಕೊಂಡು, ಮೇಲಿನ ಕೆತ್ತನೆ ಮುಗಿಸಿ, ಆಮೇಲೆ ಒಂದೊಂದೇ ಹಂತ ಇಳಿದರು. ಅರ್ಧಕ್ಕೆ ಬಿಟ್ಟ ಸಮಾಧಿಗಳಲ್ಲಿ ಮೇಲ್ಭಾಗ ನುಣುಪಾಗಿ ಮುಗಿದಿದ್ದು ಕೆಳಗೆ ಒರಟು ಬಂಡೆ ಹಾಗೇ ಉಳಿದಿದೆ.

ಪೆಟ್ರಾದ ಸಮಾಧಿಗಳ ಮೇಲೆ ಬರಹ ತೀರ ವಿರಳ. ಯಾರದು, ಯಾವಾಗಿನದು ಎಂಬುದನ್ನು ಶೈಲಿ ನೋಡಿ ಊಹಿಸಬೇಕು. ತುರ್ಕಮಾನಿಯಾ ಸಮಾಧಿಯೊಂದರಲ್ಲಿ ಮಾತ್ರ ಐದು ಸಾಲಿನ ದೀರ್ಘ ಶಾಸನವಿದೆ. ಅದರಲ್ಲಿ ಸತ್ತವನ ಹೆಸರೇ ಇಲ್ಲ, ಇರುವುದು ಆಸ್ತಿಯ ಪಟ್ಟಿ: ದೊಡ್ಡ ಕೋಣೆ, ಚಿಕ್ಕ ಕೋಣೆ, ಮುಂದಿನ ಅಂಗಳ, ಮೊಗಸಾಲೆ, ಊಟದ ಮನೆ, ತೋಟ, ನೀರಿನ ತೊಟ್ಟಿಗಳು, ಇವೆಲ್ಲ ದುಶರಾ ದೇವರಿಗೆ ಸೇರಿದ್ದು ಎಂಬ ಘೋಷಣೆ. ಸಮಾಧಿಗೂ ಒಂದು ತೋಟ, ತೋಟಕ್ಕೆ ತೊಟ್ಟಿ ಇದ್ದವೆಂದಾಯಿತು. ಬಂಧುಗಳು ಅಲ್ಲಿ ಸೇರಿ ಸತ್ತವರ ಹೆಸರಿನಲ್ಲಿ ಉಣ್ಣುತ್ತಿದ್ದರು. ಇವತ್ತು ಒಂಟಿಯಾಗಿ ನಿಂತ ಬಂಡೆಯ ಮುಖಗಳು ಆಗ ಹಸಿರಿನ ನಡುವೆ, ಜನರ ಓಡಾಟದ ನಡುವೆ ಇದ್ದವು.

ಬರಹಗಳಿಗಾಗಿ ದಕ್ಷಿಣಕ್ಕೆ, ಇಂದಿನ ಸೌದಿ ಅರೇಬಿಯಾದ ಹೆಗ್ರಾಕ್ಕೆ ಹೋಗಬೇಕು. ಅರಬ್ಬರು ಅದನ್ನು ಮದಾಯಿನ್ ಸಾಲಿಹ್ ಎನ್ನುತ್ತಾರೆ. ನಬಾತಿಯರ ಎರಡನೇ ದೊಡ್ಡ ಊರು, 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಸೌದಿಯ ಮೊದಲ ತಾಣ. ಅಲ್ಲಿನ 111 ದೊಡ್ಡ ಸಮಾಧಿಗಳಲ್ಲಿ ಹಲವಕ್ಕೆ ಬಾಗಿಲ ಮೇಲೆ ಶಾಸನವಿದೆ. ಕೆಲವು ಶಿಲ್ಪಿಗಳು ತಮ್ಮ ಹೆಸರನ್ನೂ ಕಡಿದಿದ್ದಾರೆ. ಸಮಾಧಿ ಯಾರದು, ಯಾರನ್ನು ಇಲ್ಲಿ ಹೂಳಬಹುದು, ಮಾರಿದರೆ ಅಥವಾ ಅಡವಿಟ್ಟರೆ ದೇವರಿಗೆಷ್ಟು ದೊರೆಗೆಷ್ಟು ದಂಡ ಎಂದೆಲ್ಲ ಅವು ಕ್ರಯಪತ್ರದ ಖಚಿತತೆಯಲ್ಲಿ ಹೇಳುತ್ತವೆ. ಹೆಂಗಸರು ತಮ್ಮ ಹೆಸರಿನಲ್ಲೇ ಸಮಾಧಿ ಮಾಡಿಸಿಕೊಂಡು, ಅದನ್ನು ಹೆಣ್ಣುಮಕ್ಕಳಿಗೆ ಬರೆದುಕೊಟ್ಟ ಉದಾಹರಣೆಗಳಿವೆ. ವಾಯಿಲತ್‌ಳ ಮಗಳು ಕಮ್ಕಮ್ ಎಂಬಾಕೆ ಮಾಡಿಸಿದ್ದು ಇವುಗಳಲ್ಲಿ ಹಳೆಯದೊಂದು. ಹೆಗ್ರಾದಲ್ಲಿ ಪೆಟ್ರಾದಂತೆ ಬುಗ್ಗೆಗಳಿಲ್ಲ, ನೆಲದಡಿಯ ನೀರಿದೆ. ಅದಕ್ಕೆ ತಕ್ಕಂತೆ ಅಲ್ಲಿ ತೋಡಿದ್ದು 130ರಷ್ಟು ಬಾವಿಗಳನ್ನು. ಒಂದೇ ವಿಧಾನವನ್ನು ಎಲ್ಲ ಕಡೆಗೂ ಹೇರದೆ ಆಯಾ ನೆಲ ಕೊಟ್ಟ ನೀರನ್ನು ಆಯಾ ರೀತಿಯಲ್ಲಿ ಪಡೆದರು.

ಮೂರನೆಯ ವಿಧಾನ ಹುಮೈಮಾದಲ್ಲಿದೆ, ಪೆಟ್ರಾದ ದಕ್ಷಿಣಕ್ಕೆ. ಅಲ್ಲಿ ಬುಗ್ಗೆಯೂ ಇಲ್ಲ, ಬಾವಿಯೂ ಇಲ್ಲ. ದೂರದ ಬೆಟ್ಟದ ಬುಗ್ಗೆಗಳಿಂದ ಒಟ್ಟು 26.5 ಕಿಲೋಮೀಟರ್ ಉದ್ದದ ಕಲ್ಲುಗಾಲುವೆ ಹಾಕಿ ನೀರು ತಂದರು. ಜೊತೆಗೆ ಮನೆಮನೆಗೂ ಮಳೆನೀರಿನ ತೊಟ್ಟಿ. ಪಶ್ಚಿಮದ ನೆಗೆವ್ ಮರುಭೂಮಿಯಲ್ಲಿ ಅವ್‌ದಾತ್, ಶಿವ್ತಾ, ಮಮ್‌ಶಿತ್ ಮುಂತಾದ ಊರುಗಳ ಸುತ್ತ ಇನ್ನೊಂದು ಸೋಜಿಗವಿದೆ. ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆ ಬೀಳುವ ಜಾಗದಲ್ಲಿ ಹೊಲಗಳ ಅವಶೇಷ. ಅಲ್ಲಿನ ನಯವಾದ ಗೋಡು ಮಣ್ಣು ಮೊದಲ ಹನಿಗಳಿಗೇ ಹೆಪ್ಪುಗಟ್ಟಿ ಮೇಲೆ ಪದರ ಕಟ್ಟುತ್ತದೆ, ಆಮೇಲಿನ ಮಳೆ ಇಂಗದೆ ಹರಿದುಹೋಗುತ್ತದೆ. ಇಳಿಜಾರಿನ ಆ ಹರಿವನ್ನು ಬದುಗಳಿಂದ ತಿರುಗಿಸಿ ಕಣಿವೆಯ ತಳದ ತಟ್ಟು ಹೊಲಗಳಿಗೆ ಬಿಟ್ಟರೆ ಅಲ್ಲಿ ಆಳಕ್ಕೆ ಇಂಗುತ್ತದೆ. ಸಸ್ಯವಿಜ್ಞಾನಿ ಮೈಕೆಲ್ ಎವೆನಾರಿ ಮತ್ತು ಸಂಗಡಿಗರು 20ನೇ ಶತಮಾನದ ನಡುಭಾಗದಲ್ಲಿ ಅವ್‌ದಾತ್ ಮತ್ತು ಶಿವ್ತಾದ ಹಳೆಯ ಹೊಲಗಳನ್ನು ಹಾಗೇ ಸರಿಪಡಿಸಿ, ಬೇರೆ ನೀರು ಹಾಯಿಸದೆ ಹಣ್ಣು ಮತ್ತು ಧಾನ್ಯ ಬೆಳೆದು ತೋರಿಸಿದರು. ಒಂದು ಎಕರೆ ಹೊಲಕ್ಕೆ 20ರಿಂದ 30 ಎಕರೆ ಇಳಿಜಾರಿನ ನೀರು ಬೇಕಾಗುತ್ತದೆ ಎಂಬುದು ಅವರ ಲೆಕ್ಕ. ಈ ಹೊಲಗಳಲ್ಲಿ ಬಹುಪಾಲು ನಬಾತಿಯ ರಾಜ್ಯ ಹೋದ ಮೇಲೆ, ಬೈಜಾಂಟಿಯನ್ ಕಾಲದಲ್ಲಿ ವಿಸ್ತರಿಸಿದವು ಎಂದು ಈಚಿನ ಸಂಶೋಧನೆ ಹೇಳುತ್ತದೆ. ರಾಜ್ಯ ಅಳಿದರೂ ನೀರಿನ ವಿದ್ಯೆ ಉಳಿದಿತ್ತು.

ಆ ರಾಜ್ಯ ಅಳಿದದ್ದು ಕ್ರಿ.ಶ. 106ರಲ್ಲಿ. ಕೊನೆಯ ದೊರೆ ಎರಡನೇ ರಬ್ಬೇಲನ ಮರಣದ ನಂತರ ರೋಮ್ ಚಕ್ರವರ್ತಿ ಟ್ರಾಜನ್ ಅದನ್ನು ಅರೇಬಿಯಾ ಪ್ರಾಂತವಾಗಿ ಸಾಮ್ರಾಜ್ಯಕ್ಕೆ ಸೇರಿಸಿಕೊಂಡ. ಬೋಸ್ಟ್ರಾ ನಗರದಿಂದ ಕೆಂಪು ಸಮುದ್ರದವರೆಗೆ ಹೊಸ ಹೆದ್ದಾರಿ ಬಂತು, ಪ್ರಾಂತದ ಕೇಂದ್ರವೂ ಬೋಸ್ಟ್ರಾ ಆಯಿತು. ಆ ವೇಳೆಗಾಗಲೇ ಮಾನ್ಸೂನ್ ಗಾಳಿ ಹಿಡಿದು ಕೆಂಪು ಸಮುದ್ರದಿಂದ ನೇರ ಭಾರತಕ್ಕೆ ಹೋಗಿಬರುವ ಹಡಗುಗಳು ಒಂಟೆದಾರಿಯ ಸರಕನ್ನು ಕಿತ್ತುಕೊಳ್ಳತೊಡಗಿದ್ದವು. ಉತ್ತರದಲ್ಲಿ ಪಾಲ್ಮೈರಾ ಎಂಬ ವ್ಯಾಪಾರದ ನಗರ ತಲೆ ಎತ್ತುತ್ತಿತ್ತು. ಆದರೂ ಪೆಟ್ರಾ ಕೂಡಲೇ ಹಾಳಾಗಲಿಲ್ಲ. 363ರ ಭೂಕಂಪದಲ್ಲಿ ಕಟ್ಟಡಗಳೂ ನೀರಿನ ಕಾಲುವೆಗಳೂ ಮುರಿದುಬಿದ್ದವು, ಹಲವನ್ನು ಮತ್ತೆ ಕಟ್ಟಲಿಲ್ಲ. ಆ ಬಳಿಕವೂ ಊರಲ್ಲಿ ಜನರಿದ್ದರು, ಚರ್ಚುಗಳಿದ್ದವು. 1993ರಲ್ಲಿ ಒಂದು ಚರ್ಚಿನ ಕೋಣೆಯಲ್ಲಿ ಬೆಂಕಿಯಲ್ಲಿ ಸುಟ್ಟು ಕರಿಕಾದ ಸುಮಾರು 140 ಪಪೈರಸ್ ಸುರುಳಿಗಳು ಸಿಕ್ಕವು. ಓದಲು ಸಾಧ್ಯವಾದವು 6ನೇ ಶತಮಾನದ ಆಸ್ತಿಪತ್ರಗಳು: ಜಮೀನಿನ ತೆರಿಗೆ, ಮದುವೆಯ ಕರಾರು, ಪಾಲುಪಾರಿಕತ್ತು, ನೆರೆಹೊರೆಯವರ ವ್ಯಾಜ್ಯ. ಭಾಷೆ ಗ್ರೀಕ್, ಆದರೆ ಹೊಲಗಳ ಹೆಸರುಗಳು ಗ್ರೀಕ್ ಅಕ್ಷರದಲ್ಲಿ ಬರೆದ ಅರಬ್ಬಿ ಮಾತುಗಳು. ಜನ ಮನೆಯಲ್ಲಿ ಏನು ಮಾತಾಡುತ್ತಿದ್ದರೆಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ಇಂದಿನ ಅರಬ್ಬಿ ಲಿಪಿ ಬೆಳೆದುಬಂದದ್ದೂ ನಬಾತಿಯರ ಕೂಡಕ್ಷರದ ಲಿಪಿಯಿಂದ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ.

12ನೇ ಶತಮಾನದಲ್ಲಿ ಕ್ರುಸೇಡಿನ ಸೈನಿಕರು ಹತ್ತಿರದಲ್ಲೇ ಕೋಟೆ ಕಟ್ಟಿದರು. ಅವರು ಹೋದ ಮೇಲೆ ಯುರೋಪಿನವರಿಗೆ ಪೆಟ್ರಾ ಎಲ್ಲಿದೆಯೆಂಬುದೇ ಮರೆತುಹೋಯಿತು. ಸ್ಥಳೀಯರಿಗೆ ಅದು ಎಂದೂ ಕಳೆದುಹೋಗಿರಲಿಲ್ಲ. ಸಮಾಧಿಗಳೇ ಅವರ ಮನೆ, ಹಳೆಯ ತೊಟ್ಟಿಗಳೇ ಅವರ ಕುರಿಗಳಿಗೆ ನೀರು. 1812ರ ಆಗಸ್ಟ್ 22ರಂದು ಸ್ವಿಸ್ ಯಾತ್ರಿಕ ಯೋಹಾನ್ ಲುಡ್ವಿಗ್ ಬುರ್ಕ್‌ಹಾರ್ಟ್ ಶೇಖ್ ಇಬ್ರಾಹಿಂ ಎಂಬ ಹೆಸರಿನಲ್ಲಿ, ಅರಬ್ಬರ ವೇಷದಲ್ಲಿ, ಬೆಟ್ಟದ ಮೇಲಿನ ಪ್ರವಾದಿ ಹಾರೂನನ ಸಮಾಧಿಗೆ ಮೇಕೆ ಬಲಿ ಕೊಡುವ ಹರಕೆಯಿದೆ ಎಂದು ಹೇಳಿ ಸೀಕನ್ನು ದಾಟಿದ. ಅವಶೇಷಗಳನ್ನು ಅವನು ದಿಟ್ಟಿಸುವುದನ್ನು ಕಂಡು ದಾರಿ ತೋರುವವನಿಗೆ ಅನುಮಾನ ಬಂತು. ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ, ಬೆಟ್ಟದ ಬುಡದಲ್ಲೇ ಮೇಕೆ ಕಡಿದು ಹಿಂತಿರುಗಿದ. ಇದು ಪೆಟ್ರಾ ಇರಬೇಕು ಎಂದು ಅವನು ಬರೆದದ್ದು ಅಚ್ಚಾಗಿ ಬಂದದ್ದು 1822ರಲ್ಲಿ. ಅವನು ಕೈರೋದಲ್ಲಿ ತೀರಿಕೊಂಡು ಆಗ ಐದು ವರ್ಷವಾಗಿತ್ತು. 1828ರಲ್ಲಿ ಲಿಯೋನ್ ದ ಲಾಬೋರ್ದ್, 1839ರಲ್ಲಿ ಡೇವಿಡ್ ರಾಬರ್ಟ್ಸ್ ಬಂದು ಬಿಡಿಸಿದ ಚಿತ್ರಗಳು ಪೆಟ್ರಾವನ್ನು ಜಗತ್ತಿಗೆ ತೋರಿಸಿದವು. ಚಿತ್ರಗಳಲ್ಲಿ ಇದ್ದದ್ದು ಕಾಣುವ ಸಮಾಧಿಗಳೇ. ಜನರು ಬದುಕಿದ ಬೀದಿ, ಮನೆ, ಕೊಳ ಎಲ್ಲ ಮಣ್ಣಿನಡಿಯಲ್ಲಿದ್ದವು. 1929ರಲ್ಲಿ ಜಾರ್ಜ್ ಹಾರ್ಸ್‌ಫೀಲ್ಡ್ ಮತ್ತು ಆಗ್ನೆಸ್ ಕಾನ್ವೇ ಮೊದಲ ಶಾಸ್ತ್ರೀಯ ಉತ್ಖನನ ಆರಂಭಿಸಿದ ಮೇಲೆಯೇ ಬದುಕಿದವರ ನಗರ ಸ್ವಲ್ಪಸ್ವಲ್ಪವಾಗಿ ಹೊರಬರತೊಡಗಿತು.

ಸೀಕಿನ ಬಾಯಿಯ ಕಟ್ಟೆ ಕಾಲಾಂತರದಲ್ಲಿ ಹಾಳಾಗಿ ಹಳ್ಳ ಮತ್ತೆ ಕಮರಿಗೆ ಇಳಿದಿತ್ತು. ಅದರ ಬೆಲೆ ತೆತ್ತದ್ದು 1963ರ ಏಪ್ರಿಲಿನಲ್ಲಿ. ಸೀಕಿನೊಳಗಿದ್ದ ಫ್ರೆಂಚ್ ಪ್ರವಾಸಿಗಳ ತಂಡವೊಂದು ದಿಢೀರ್ ಪ್ರವಾಹಕ್ಕೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಕಟ್ಟೆಯನ್ನು ನಬಾತಿಯರ ಕಟ್ಟೆ ಇದ್ದ ಜಾಗದಲ್ಲೇ ಕಟ್ಟಲಾಯಿತು. ಹೂಳು ತೆಗೆದ ಹಳೆಯ ಸುರಂಗ ಇಂದಿಗೂ ನೀರನ್ನು ಪಕ್ಕಕ್ಕೆ ಒಯ್ಯುತ್ತಿದೆ. 1985ರಲ್ಲಿ ಪೆಟ್ರಾ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದೇ ಕಾಲದಲ್ಲಿ ಗವಿಗಳಲ್ಲಿ ವಾಸಿಸುತ್ತಿದ್ದ ಬ್ದೂಲ್ ಬುಡಕಟ್ಟಿನವರನ್ನು ಉಮ್ ಸಯ್ಹೂನ್ ಎಂಬ ಹೊಸ ಹಳ್ಳಿಗೆ ಸ್ಥಳಾಂತರಿಸಿದರು. ತೊಟ್ಟಿಗಳನ್ನು ಬಳಸುತ್ತ, ಬಳಸುವ ಕಾರಣಕ್ಕೇ ಒಂದಷ್ಟು ಕಾಪಾಡಿಕೊಂಡು ಬಂದಿದ್ದವರು ಹೀಗೆ ಅವುಗಳಿಂದ ದೂರವಾದರು.

2019ರಲ್ಲಿ ಒಂದೇ ವರ್ಷದಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಪೆಟ್ರಾ ನೋಡಿದರು. ಆದರೆ ಅಲ್ಲಿನ ಬಂಡೆಗೆ ಕಾಲ್ತುಳಿತಕ್ಕಿಂತ ದೊಡ್ಡ ಶತ್ರು ನೀರು ಮತ್ತು ಉಪ್ಪು. ಮರಳುಗಲ್ಲಿನೊಳಗೆ ಇಂಗಿದ ನೀರು ಆವಿಯಾಗುವಾಗ ಉಪ್ಪು ಹರಳುಗಟ್ಟಿ ಕಲ್ಲಿನ ಮೈಯನ್ನು ಒಳಗಿನಿಂದ ಪುಡಿ ಮಾಡುತ್ತದೆ. ನಬಾತಿಯರು ಅನೇಕ ಸಮಾಧಿಗಳ ನೆತ್ತಿಯಲ್ಲಿ ಮಳೆನೀರು ಮುಖದ ಮೇಲೆ ಇಳಿಯದಂತೆ ಪಕ್ಕಕ್ಕೆ ಒಯ್ಯುವ ತೋಡು ಕಡಿದಿದ್ದರು. ತೊಟ್ಟಿ ತುಂಬಿಸುತ್ತಿದ್ದ ತೋಡು ಕೆತ್ತನೆಯನ್ನೂ ಕಾಯುತ್ತಿತ್ತು. ತೋಡುಗಳು ಮಣ್ಣಿನಿಂದ ಮುಚ್ಚಿಹೋದ ಕಡೆಯಲ್ಲೆಲ್ಲ ಕೆತ್ತನೆ ಸವೆದಿದೆ. 1990ರ ದಶಕದ ಕೊನೆಯಲ್ಲಿ ಸೀಕಿನ ತಳದಿಂದ ಮೀಟರುಗಟ್ಟಲೆ ಹೂಳು ತೆಗೆದಾಗ ಹಳೆಯ ಕಲ್ಲುಹಾಸು, ಕಾಲುವೆ, ಗೋಡೆಯಲ್ಲಿ ಕೆತ್ತಿದ ಒಂಟೆಸಾಲಿನ ಕಾಲುಗಳು ಕಂಡವು. ಪಕ್ಕದ ಕಮರಿಗಳ ಒಡ್ಡುಗಳನ್ನು ಹಳೆಯ ಜಾಗಗಳಲ್ಲೇ ಮತ್ತೆ ಕಟ್ಟಿದರು. ಇತ್ತ ಮೇಲಿನ ವಾದಿ ಮೂಸಾ ಪಟ್ಟಣದಲ್ಲಿ ಹೋಟೆಲುಗಳೂ ಡಾಂಬರು ರಸ್ತೆಗಳೂ ಬೆಳೆದು, ಹಿಂದೆ ಮಳೆಯನ್ನು ಹಿಡಿದು ನಿಧಾನಗೊಳಿಸುತ್ತಿದ್ದ ಇಳಿಜಾರಿನ ತಟ್ಟುಗಳು ಪಾಳು ಬಿದ್ದಿವೆ. ಬಿದ್ದ ಮಳೆ ಈಗ ಹಿಂದಿಗಿಂತ ಬೇಗ ಹಳ್ಳ ಸೇರುತ್ತದೆ. 2022ರ ಡಿಸೆಂಬರಿನಲ್ಲಿ ಖಜ್ನೆಯ ಮುಂದಿನ ಅಂಗಳಕ್ಕೂ ನೀರು ನುಗ್ಗಿ ಪ್ರವಾಸಿಗರನ್ನು ಹೊರಗೆ ಕಳುಹಿಸಬೇಕಾಯಿತು. ಬೆಟ್ಟದ ಮೇಲಿನ ತಟ್ಟುಗಳನ್ನೂ ಚಿಕ್ಕ ಒಡ್ಡುಗಳನ್ನೂ ಮತ್ತೆ ಸರಿಪಡಿಸುವುದು ಸ್ಮಾರಕದ ರಕ್ಷಣೆಯ ಮುಖ್ಯ ಭಾಗವೆಂದು ಅಲ್ಲಿನ ಸಂರಕ್ಷಕರು ಈಗ ಪರಿಗಣಿಸಿದ್ದಾರೆ.